ಎಲೆಗೆ ಅಡ್ಡ ಹಿಡಿದ ಕೈ

ಗದಗ-ಬೆಟಗೇರಿ, ಮಿಕ್ಕನ್ನದ ಮನೆ.
ತಿಂಗಳು ಇಲ್ಲ, ವಾರವೂ ಇಲ್ಲ. ಮಿಕ್ಕ ದಿನ, ಮಧ್ಯಾಹ್ನ ಇಳಿದ ಮೇಲೆ.

ಹಿಂದಿನ ಕಾಲದ ಹಿರಿಯರೇ, ಶರಣು.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟ ಮುದುಕಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ಮುದುಕಿ ಎನ್ನುವುದು ನಿಜ, ತಲೆ ಇನ್ನೂ ನೆಟ್ಟಗಿದೆ. ನಿಮ್ಮ ಹನ್ನೆರಡು ತಿಂಗಳುಗಳಲ್ಲಿ ಒಂದಕ್ಕೆ ಮೂವತ್ತು ದಿನ, ಇನ್ನೊಂದಕ್ಕೆ ಮೂವತ್ತೊಂದು, ಪಾಪ ಫೆಬ್ರವರಿಗೆ ಇಪ್ಪತ್ತೆಂಟು ಇದ್ದವಂತೆ. ಮಲತಾಯಿ ಬಡಿಸಿದ ಹಾಗೆ. ನಮ್ಮ ಹಿರಿಯರು ಅವನ್ನೆಲ್ಲ ಪರಾತಕ್ಕೆ ಸುರಿದು ಕಲಸಿ ಹದಿಮೂರು ಸಮನಾದ ಉಂಡೆ ಕಟ್ಟಿದರು. ಕಟ್ಟಿದ ಮೇಲೆ ಪರಾತದ ತಳದಲ್ಲಿ ಒಂದು ದಿನ ಉಳಿಯಿತು. ಅದು ಯಾವ ತಿಂಗಳಿಗೂ ಸೇರಿಲ್ಲ, ಅದಕ್ಕೆ ಸೋಮವಾರ ಮಂಗಳವಾರ ಎಂಬ ಹೆಸರೂ ಇಲ್ಲ. ವರ್ಷದ ಕೊನೆಗೆ ಬರುವ ಆ ದಿನವನ್ನು ನಾವು ಮಿಕ್ಕ ದಿನ ಎನ್ನುತ್ತೇವೆ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರ ಎಪ್ಪತ್ತರ ಆಸುಪಾಸು ಇರಬೇಕು.

ಮಾತು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಲಗ್ನಪತ್ರಿಕೆಗಳಿಂದ ಮತ್ತು ಅಡುಗೆ ಹೇಳಿಕೊಡುವ ಚಿತ್ರಗಳಿಂದ. ಹೀಗಾಗಿ ನನ್ನ ಬರವಣಿಗೆ ಒಮ್ಮೆ ‘ಸಕುಟುಂಬ ಪರಿವಾರ ಸಮೇತ ಆಗಮಿಸಿ’ ಎಂದು ಕೈಮುಗಿಯುತ್ತದೆ, ಮರುಕ್ಷಣ ‘ಸಾಸಿವೆ ಸಿಡಿಯಲಿ’ ಎನ್ನುತ್ತದೆ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ, ಆ ಭ್ರಮೆ ನನಗಿಲ್ಲ. ಆದರೂ ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ಇವತ್ತು ಇಲ್ಲಿ ನಡೆದದ್ದಕ್ಕೆ ಮೂಲ ನೀವು. ನಿಮಗೆ ಒಂದು ಬೈಗುಳವನ್ನೂ ಒಂದು ಉಪಕಾರಸ್ಮರಣೆಯನ್ನೂ ಕೊಡುವುದಿದೆ. ಎರಡನ್ನೂ ಇಟ್ಟುಕೊಂಡು ಉಣ್ಣಲು ಕೂತರೆ ಅನ್ನ ಇಳಿಯುವುದಿಲ್ಲ. ನನ್ನ ಎಲೆ ಮುಂದೆಯೇ ಇದೆ, ಇನ್ನೂ ಬರಿದು.

ನನ್ನ ಹೆಸರು ಹೊನ್ನವ್ವ ಡಂಬಳ. ಈ ಮನೆಯಲ್ಲಿ ಬಡಿಸುವವರಿಗೆಲ್ಲ ಹಿರಿಯಳು. ಮಿಕ್ಕನ್ನದ ಮನೆ ಎಂದರೆ ಊರಿನಲ್ಲಿ ಮಿಕ್ಕ ಅಡುಗೆಯನ್ನು ತಂದು, ಬೇಕಾದವರಿಗೆ ಕೂರಿಸಿ ಬಡಿಸುವ ಧರ್ಮದ ಮನೆ. ಮಿಕ್ಕದ್ದು ಎಂದರೆ ಎಂಜಲು ಎಂದು ತಿಳಿಯಬೇಡಿ. ಎಲೆಗೆ ಬಿದ್ದದ್ದು ಎಂಜಲು, ಪಾತ್ರೆಯಲ್ಲಿ ಉಳಿದದ್ದು ಅನ್ನ. ಮದುವೆಯ ಛತ್ರ, ವಿದ್ಯಾರ್ಥಿಗಳ ವಸತಿ, ರೈಲಿನ ಅಡುಗೆಮನೆ, ಹೀಗೆ ಎಲ್ಲೇ ದೊಡ್ಡ ಒಲೆ ಉರಿಯಲಿ, ಕೊನೆಯ ಪಂಕ್ತಿ ಎದ್ದ ಕೂಡಲೇ ಅಲ್ಲಿ ಉಳಿಕೆಗಂಟೆ ಬಾರಿಸಬೇಕು ಎನ್ನುವುದು ಊರಿನ ಕಟ್ಟಳೆ. ಗಂಟೆ ಕೇಳಿದೊಡನೆ ನಮ್ಮ ಗಾಡಿ ಹೊರಡುತ್ತದೆ. ಗಾಡಿಯಲ್ಲಿ ಮೂಗುಪೆಟ್ಟಿಗೆ ಎಂಬ ಯಂತ್ರವಿದೆ. ಮುಚ್ಚಳ ತೆರೆದು ಮುಂದೆ ಹಿಡಿದರೆ ಅದು ಮೂಸಿ ನೋಡಿ, ಈ ಸಾರು ಸಂಜೆಯ ತನಕ ಇರುತ್ತದೆ, ಈ ಪಲ್ಯ ಈಗಲೇ ಮುಗಿಸಿ ಎಂದು ಹೇಳುತ್ತದೆ. ಬುದ್ಧಿವಂತ ಯಂತ್ರ, ಆದರೆ ಅಂಬಲಿ ಕಂಡರೆ ಆಗದು. ಹುಳಿ ಬಂದಿದೆ, ಚೆಲ್ಲಿ ಎಂದು ಒಂದೇ ಸಮನೆ ಕೂಗುತ್ತದೆ. ಆಗೆಲ್ಲ ನಮ್ಮ ಕಾಶವ್ವ ಅದರ ಮೂಗಿಗೆ ಒದ್ದೆಬಟ್ಟೆ ಹಾಕಿ, “ಸುಮ್ಮನ ಬಿದ್ದಿರೋ ಹುಚಮುಂಡೇದs, ಹುಳಿ ಬರ್ಲಿ ಅಂತನ ಇಟ್ಟಾರ” ಎಂದು ಗದರಿಸುತ್ತಾಳೆ. ಕಾಶವ್ವ ನಮ್ಮಲ್ಲಿ ಉಣ್ಣುವವರಲ್ಲಿ ಎಲ್ಲರಿಗಿಂತ ಹಿರಿಯಳು. ತೊಂಬತ್ತು ದಾಟಿದ್ದಾಳೆ, ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಹಲ್ಲಿದೆ.

ನಮ್ಮಲ್ಲಿಗೆ ಬರುವವರು ಎರಡು ತರದವರು. ವಯಸ್ಸಾದವರನ್ನು ಹಣ್ಣೆಲೆಯವರು ಎನ್ನುತ್ತೇವೆ. ಕೆಲಸ ಹೋದವರಿಗೆ ಬಿಡುಗೈಯವರು ಎಂದು ಹೆಸರು. ನಿಮ್ಮ ಕಾಲದಲ್ಲಿ ಅವರನ್ನು ನಿರುದ್ಯೋಗಿ ಎನ್ನುತ್ತಿದ್ದರಂತೆ. ಆ ಹೆಸರು ಕೇಳಿದರೆ ಅರ್ಧ ಹಸಿವು ಅಲ್ಲೇ ಸಾಯಬೇಕು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತಾರೆ, ಮುಂದೆ ಮುತ್ತುಗದ ಎಲೆ. ಬಡಿಸುವವರು ಕೊನೆಯ ಪಂಕ್ತಿಯಲ್ಲಿ ಅದೇ ಅನ್ನವನ್ನು ಅದೇ ನೆಲದ ಮೇಲೆ ಕೂತು ಉಣ್ಣಬೇಕು. ಒಬ್ಬರು ಒಂದು ದಿನ ಬರದಿದ್ದರೆ ಸಂಜೆಯೊಳಗೆ ನಮ್ಮವರು ಅವರ ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ. ಇಷ್ಟು ಹೇಳಿದರೆ ಸಾಲದು, ನಮ್ಮ ದೊಡ್ಡ ನೇಮವೊಂದಿದೆ. ಊಟಕ್ಕೆ ಮೊದಲು ದಿನಾಲು ಎಲ್ಲರೂ ಸೇರಿ ಅದನ್ನು ಗಟ್ಟಿಯಾಗಿ ಹೇಳುತ್ತೇವೆ: “ಹದಿಮೂರು ತಿಂಗಳೂ, ತಿಂಗಳಿನ ಎಲ್ಲ ದಿನವೂ, ಎಲೆಗೆ ಕೈ ಅಡ್ಡ ಬಂದರೆ ಸೌಟು ಮುಂದಕ್ಕೆ.” ಉಣ್ಣುವವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಬಡಿಸುವವರು ಒಂದು ಅಗುಳನ್ನೂ ಹಾಕಬಾರದು, ಏಕೆ ಎಂದು ಕೇಳಬಾರದು, ನಿಲ್ಲಲೂ ಬಾರದು.

ಈ ನೇಮ ಸುಮ್ಮನೆ ಹುಟ್ಟಿದ್ದಲ್ಲ. ನಿಮಗೂ ನಮಗೂ ನಡುವೆ ಬರಿಗಡಿಗೆಯ ವರ್ಷಗಳು ಎಂದು ಕರೆಯುವ ಕಾಲವೊಂದು ಬಂದುಹೋಯಿತು. ಆಗಲೂ ಅನ್ನ ಹಂಚುವವರಿದ್ದರು. ಆದರೆ ಕೊಟ್ಟದ್ದನ್ನು ತಿನ್ನು ಎನ್ನುವ ಹಂಚಿಕೆ ಅದು. ಹಳಸಿದ್ದನ್ನು ಬೇಡ ಎಂದವರಿಗೆ ಮರುದಿನ ಜಾಗವಿಲ್ಲ. ತಟ್ಟೆ ಹಿಡಿದವರ ಮುಖವನ್ನು ಚಿತ್ರ ತೆಗೆದು ಊರಿಗೆಲ್ಲ ತೋರಿಸುತ್ತಿದ್ದರು. ಚಿತ್ರ ಮುಗಿಯುವ ತನಕ ನಗಬೇಕಿತ್ತು. ಆ ಸಾಲಿನಲ್ಲಿ ನಿಂತವರಲ್ಲಿ ಒಬ್ಬಾಕೆ ಒಂದು ದಿನ ಹಳಸಿದ ಅನ್ನದ ಸೌಟು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಅವಳ ಹಿಂದಿನವಳೂ ಹಿಡಿದಳು, ಅವಳ ಹಿಂದಿನವನೂ. ಸಾಲಿಗೆ ಸಾಲೇ ಹಸಿದುಕೊಂಡು ಕೈ ಅಡ್ಡ ಹಿಡಿದು ನಿಂತಿತಂತೆ. ನಮ್ಮ ಮನೆ ಹುಟ್ಟಿದ್ದು ಆ ಕೈಯಿಂದ. ಹಾಗೆ ಮೊದಲು ಕೈ ಹಿಡಿದವಳು ಮೌಲಾಸಾಬ ನರೇಗಲ್ ಅವರ ಅಜ್ಜಿ. ಮೌಲಾಸಾಬರು ಈಗ ನಮ್ಮ ನೇಮ ಕಾಯುವ ಹಿರಿಯರು. ಮೆತ್ತಗಿನ ಮನುಷ್ಯ, ಇರುವೆ ಅಡ್ಡ ಬಂದರೂ ಸುತ್ತು ಹಾಕಿ ನಡೆಯುತ್ತಾರೆ. ನೇಮದ ಮಾತು ಬಂದರೆ ಮಾತ್ರ ಕಗ್ಗಲ್ಲು.

ಇನ್ನು ರಾಚಪ್ಪ ಸೂಡಿಯ ವಿಷಯ. ನಾನು ಈ ಕಾಗದ ಹಿಡಿದು ಕೂತದ್ದೇ ಅವನಿಗಾಗಿ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದಲ್ಲಿ ನೆಟ್ಟ ಗಾಳಿಗಿರಣಿಗಳಿದ್ದವಲ್ಲ, ಅವುಗಳ ಮೊಮ್ಮಕ್ಕಳಂಥ ಗಿರಣಿಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸ ಅವನದಾಗಿತ್ತು. ಮೋಡ ಕೈಗೆ ಸಿಗುವ ಎತ್ತರದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ ಆಳು. ಈಚೆಗೆ ಆ ಗಿರಣಿಗಳನ್ನೆಲ್ಲ ಇಳಿಸಿ ಗಾಳಿಜೊಂಡು ನೆಟ್ಟರು. ಅವು ಕೆರೆಯ ಜೊಂಡಿನ ಹಾಗೆ ಬಳುಕುವ ತೆಳ್ಳನೆಯ ಕೋಲುಗಳು. ಅವನ್ನು ಯಾರೂ ಹತ್ತಬೇಕಿಲ್ಲ, ಅವು ತಮ್ಮನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ರಾಚಪ್ಪ ಕೆಳಗಿಳಿದ. ಮುದುಕನಾಗಲು ಇನ್ನೂ ವಯಸ್ಸಿತ್ತು, ಬೇರೆ ಕೆಲಸ ಕಲಿಯಲು ವಯಸ್ಸು ಮೀರಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಒಂದು ದಿನ ನಮ್ಮ ಮನೆಗೆ ಬಂದು ಕಾಶವ್ವನ ಪಕ್ಕದಲ್ಲಿ ಕೂತ. ಒಂದು ರೊಟ್ಟಿ ಹಾಕಿದೆ. ಪಲ್ಯದ ಸೌಟು ಹೋಗುವಷ್ಟರಲ್ಲಿ ಎಲೆಗೆ ಕೈ ಅಡ್ಡ ಬಂದಿತ್ತು.

ಹೊಸಬರು ಮೊದಮೊದಲು ನಾಚುತ್ತಾರೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತಾರೆ ಎಂದುಕೊಂಡೆ. ಅವನು ಸರಿಹೋಗಲಿಲ್ಲ. ದಿನಾಲು ಒಂದೇ ರೊಟ್ಟಿ, ಆಮೇಲೆ ಕೈ. ಅನ್ನ ಬಂದರೆ ಕೈ, ಹೋಳಿಗೆ ಬಂದರೆ ಕೈ. ಕಮ್ಮಾರನ ಇಕ್ಕಳದಂಥ ದೊಡ್ಡ ಕೈ ಅದು, ಇಡೀ ಎಲೆಯನ್ನೇ ಮುಚ್ಚುತ್ತಿತ್ತು. ಬರುಬರುತ್ತ ಕೈ ಅಷ್ಟೇ ಉಳಿಯಿತು, ತೋಳು ಸೊರಗಿತು. ಅಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಹೆಗಲಿನಿಂದ ಜೋಲತೊಡಗಿತು. ಕಾಶವ್ವ ಒಂದು ದಿನ ನನ್ನನ್ನು ಹತ್ತಿರ ಕರೆದು, “ಹೊನ್ನವ್ವಾ, ಈ ಮನಶ್ಯಾ ಉಣ್ಣಾಕ ಬರೂದಿಲ್ಲವಾ, ಊಟ ನೋಡಾಕ ಬರ್ತಾನ. ನಾ ಕೇಳಿದೆ, ಯಾಕೋ ತಮ್ಮಾ ಹಿಂಗ್ಯಾಕ ಅಂತ. ಏನಂದ ಗೊತ್ತೈತೇನ? ‘ದುಡೀಲಾರದ ಕೈ ಬೇ ಯಮ್ಮಾ, ಅಡ್ಡ ಹಿಡ್ಯಾಕರ ಬರ್ತೈತಲ್ಲ’ ಅಂದ” ಎಂದಳು. ಬರದೆ ಮನೆಯಲ್ಲೇ ಕೂತರೆ ನಾವು ಹೋಗಿ ಬಾಗಿಲು ತಟ್ಟುತ್ತೇವೆಂದು ಅವನಿಗೆ ಗೊತ್ತು. ತನಗಾಗಿ ನಾಲ್ಕು ಜನ ಬಿಸಿಲಲ್ಲಿ ನಡೆಯಬಾರದೆಂದು ಅವನೇ ನಡೆದು ಬರುತ್ತಿದ್ದ. ಇಂಥ ಮರ್ಯಾದಸ್ಥರನ್ನು ಕಟ್ಟಿಕೊಂಡು ಏಗುವುದಕ್ಕಿಂತ ಹತ್ತು ಜನ ಜಗಳಗಂಟರನ್ನು ಸಾಕಬಹುದು.

ನಾನೇನು ಸುಮ್ಮನೆ ಕೂರಲಿಲ್ಲ. ಅವನ ಪಾಲಿನ ರೊಟ್ಟಿಯನ್ನು ಚಕ್ಕಡಿಯ ಗಾಲಿಯಷ್ಟು ದಪ್ಪ ತಟ್ಟಿದೆ. ಅವನು ನೋಡಿ, ನಕ್ಕು, ಅರ್ಧ ಮುರಿದು ಕಾಶವ್ವನ ಎಲೆಗೆ ಹಾಕಿದ. ಹಲ್ಲಿಲ್ಲದ ಮುದುಕಿ ಆ ಗಾಲಿಯನ್ನು ಹಾಲಿನಲ್ಲಿ ನೆನೆಸಿಟ್ಟು ಸಂಜೆಯ ತನಕ ನನ್ನನ್ನು ಬೈದಳು. ಒಮ್ಮೆ ಬುತ್ತಿ ಕಟ್ಟಿ ಅವನ ಬಾಗಿಲಲ್ಲಿ ಇಟ್ಟು ಬಂದೆ. ಮರುದಿನ ಗಂಟು ಬಿಚ್ಚದೆ ತಂದು, “ಯಾರೋ ಮರತು ಬಿಟ್ಟ ಹೋಗ್ಯಾರ ನೋಡ್ರಿ” ಎಂದು ನನ್ನ ಕೈಗೇ ಕೊಟ್ಟ.

ಹೋದ ತಿಂಗಳು ಅವನು ಕೈ ತೊಳೆಯುವ ಕಟ್ಟೆಯ ಹತ್ತಿರ ಬಿದ್ದ. ಊಟ ಮುಗಿಸಿ ಎದ್ದವನು ನೀರಿನ ನಲ್ಲಿ ಹಿಡಿದುಕೊಂಡೇ ಕುಸಿದ. ವೈದ್ಯಳು ಬಂದು ನಾಡಿಪಟ್ಟಿ ಕಟ್ಟಿ ನೋಡಿದಳು. ರೋಗ ಏನೂ ಇಲ್ಲ, ಇವರು ಉಂಡಿಲ್ಲ, ಹೀಗೇ ಆದರೆ ಇನ್ನೊಂದು ಚಳಿಗಾಲ ಕಾಣುವುದಿಲ್ಲ ಎಂದಳು. ಹೇಳುವಾಗ ಅವಳ ಕಣ್ಣು ನಮ್ಮ ಹಿಂದಿದ್ದ ಕೊಪ್ಪರಿಗೆಗಳ ಮೇಲಿತ್ತು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅನ್ನದ ಮನೆಯಲ್ಲಿ ಮನುಷ್ಯ ಹಸಿವಿನಿಂದ ಬಿದ್ದಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೀರಲ್ಲ, ಇಲ್ಲಿ ಆ ತುತ್ತನ್ನು ತಡೆದು ನಿಂತದ್ದು ನಮ್ಮ ನೇಮ.

ಅದೇ ದಿನ ಮೌಲಾಸಾಬರ ಹತ್ತಿರ ಹೋಗಿ ಜಗಳ ತೆಗೆದೆ. ಅವರು ಕೂಗಲಿಲ್ಲ, ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಹೇಳಿದರು, “ಹೊನ್ನವ್ವಾ, ನನ್ನ ಹೊಟ್ಯಾಗೂ ಬೆಂಕಿ ಬಿದ್ದೈತಿ. ಆದ್ರ ಕೈ ಅಂದ್ರ ಕೈ. ಇವತ್ತ ಒಬ್ಬರ ಕೈ ಸರಿಸಿದಿ ಅಂದ್ರ ನಾಳೆ ಯಾರ್ಯಾರ ಎಲೀ ಮ್ಯಾಲ ಯಾರ್ಯಾರ ಏನೇನ ಸುರೀತಾರ, ಅದನ್ನ ತಡ್ಯಾಂವ ಯಾರು?” ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಈಗಲೂ ಆಗುತ್ತಿಲ್ಲ. ಅದೇ ನನ್ನ ಸಂಕಟ.

ಇಲ್ಲಿ ನೀವು ಬರುತ್ತೀರಿ. ಕೆಲವು ದಿನಗಳ ಹಿಂದೆ, ಬೆಳಗ್ಗೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ, ಕಾಶವ್ವ ತನ್ನ ನೆನಪುಬಿಲ್ಲೆಯನ್ನು ತಂದಳು. ಮನೆತನದ ಹಳೆಯ ಚಿತ್ರಗಳನ್ನು ತುಂಬಿಡುವ ಸಣ್ಣ ಬಿಲ್ಲೆ ಅದು, ಗೋಡೆಗೆ ಹಿಡಿದರೆ ಗೋಡೆಯೆಲ್ಲ ಚಿತ್ರ. ಅದರಲ್ಲಿ ಅವಳ ಮುತ್ತಜ್ಜಿಯ ಮದುವೆ ಇತ್ತು, ಇದೇ ಊರಿನದು, ನಿಮ್ಮ ಕಾಲದ್ದು. ಅಕ್ಷತೆ ಬಿತ್ತು, ಬ್ಯಾಂಡು ಬಾರಿಸಿತು, ಆಮೇಲೆ ಊಟದ ಪಂಕ್ತಿ ಬಂತು. ಬಿಳಿ ಅಂಗಿಯ ಒಬ್ಬ ದಢೂತಿ ಯಜಮಾನರು ಕೂತಿದ್ದರು. ಪೊದೆ ಮೀಸೆಯವನೊಬ್ಬ ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ಬಂದ. ಯಜಮಾನರು ಎಲೆಗೆ ಕೈ ಅಡ್ಡ ಹಿಡಿದರು. ಮೀಸೆಯವನು ಹೋಗಲಿಲ್ಲ! ಅಲ್ಲೇ ನಿಂತ. ಏನೋ ಅಂದ. ಯಜಮಾನರು ಎರಡನೆಯ ಕೈಯನ್ನೂ ಹಿಡಿದರು, ಮರಿಗಳ ಮೇಲೆ ಕೋಳಿ ಕೂತಂತೆ ಎಲೆಯ ಮೇಲೆ ಬಗ್ಗಿದರು. ಅವನು ಪಕ್ಕಕ್ಕೆ ಬಂದು ತೋಳಿನ ಸಂದಿಯಲ್ಲಿ ಒಂದು ಸೌಟು ಹುಗ್ಗಿ ಇಳಿಸಿಯೇಬಿಟ್ಟ. ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು.

ನಮ್ಮ ಅಡುಗೆಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಸೊಪ್ಪು ಹಿಡಿದ ಕೈಗಳು ಹಾಗೇ ನಿಂತವು. ಬಡಿಸುವವರಲ್ಲಿ ಒಬ್ಬಳು ಬಾಯಿಗೆ ಸೆರಗು ಹಚ್ಚಿ, “ಅಯ್ಯಯ್ಯ, ಕೈ ಅಡ್ಡ ಇತ್ತಲ್ಲs” ಎಂದಳು. ಮಗುವಿಗೆ ಹೊಡೆದದ್ದನ್ನು ಕಂಡವಳ ಹಾಗಿತ್ತು ಅವಳ ಮುಖ. ಆದರೆ ನಾನು ಹುಗ್ಗಿಯನ್ನು ನೋಡಲಿಲ್ಲ, ಆ ಯಜಮಾನರ ಮುಖ ನೋಡಿದೆ. ಬಾಯಿ ಬೈಯುತ್ತಿತ್ತು, ಮುಖ ಅರಳಿತ್ತು. ಅಷ್ಟು ಹೊತ್ತು ಅವರು ಕಾದು ಕೂತದ್ದೇ ಅದಕ್ಕಾಗಿ ಎನ್ನುವ ಹಾಗಿತ್ತು. ಬೈಯುತ್ತಲೇ ಎಲ್ಲವನ್ನೂ ಉಂಡು, ಎಲೆ ಬಳಿದು, ತೇಗಿದರು. ಕಾಶವ್ವ ಮಾತ್ರ ಬೊಚ್ಚುಬಾಯಿಯಲ್ಲಿ ನಗುತ್ತ, “ನಮ್ಮ ಮುತ್ಯಾರ ಕಾಲದಾಗ ಹಿಂಗ ಬೇ. ಬ್ಯಾಡ ಅನ್ನೂದು ಉಣ್ಣಾವರ ಕೆಲಸ, ಬಿಡಲಾರ್ದ ಹಾಕೂದು ಬಡಸಾವರ ಕೆಲಸ” ಎಂದಳು. ಇದಕ್ಕೆ ನೀವು ಉಪಚಾರ ಎನ್ನುತ್ತಿದ್ದಿರಂತೆ. ನಮ್ಮಲ್ಲಿ ಆ ಮಾತು ಉಳಿದಿದೆ, ಆದರೆ ರೋಗಿಗಳಿಗೆ ಮಾತ್ರ ಬಳಸುತ್ತೇವೆ.

ಅಲ್ಲಿಗೇ ಚಿತ್ರ ಮುಗಿದಿದ್ದರೆ ನಿಮಗೆ ಬರೀ ಉಪಕಾರಸ್ಮರಣೆ ಸಿಗುತ್ತಿತ್ತು. ಚಿತ್ರ ತೆಗೆಯುವವನು ಛತ್ರದ ಹಿತ್ತಲಿಗೆ ಹೋದ. ಅಲ್ಲಿ ಎಲೆಗಳ ಗುಡ್ಡೆ. ಮುಟ್ಟದ ಹೋಳಿಗೆ, ಮುರಿಯದ ಹಪ್ಪಳ, ಹುಗ್ಗಿಯಂತೂ ಕೆಸರಿನ ಹಾಗೆ. ನಾಯಿಗಳಿಗೂ ಸಾಕಾಗಿ ಅವು ಮಲಗಿದ್ದವು. ಗೇಟಿನ ಆಚೆ ಇಬ್ಬರು ಮುದುಕರು ಕೂತಿದ್ದರು, ಒಳಗೆ ಬನ್ನಿ ಎನ್ನುವವರು ಯಾರೂ ಇರಲಿಲ್ಲ. ಒಲೆಯ ಮೇಲೆ ಇನ್ನೂ ಅರ್ಧ ಕೊಪ್ಪರಿಗೆ ಹುಗ್ಗಿ ಇತ್ತು. ಅಲ್ಲಿಗೆ ಚಿತ್ರ ನಿಂತಿತು. ಆ ಅರ್ಧ ಕೊಪ್ಪರಿಗೆ ಏನಾಯಿತು? ಇದನ್ನು ಕೇಳಲೆಂದೇ ನಿಮ್ಮ ಕಾಲಕ್ಕೆ ಒಂದು ಸಲ ಬರುವ ಆಸೆ ನನಗೆ. ಹೊಟ್ಟೆ ತುಂಬಿದವರ ಕೈ ಸರಿಸಿ ಸುರಿದಿರಿ, ಹಸಿದವರನ್ನು ಗೇಟಿನ ಹೊರಗೆ ಕೂರಿಸಿದಿರಿ. ನಿಮ್ಮಲ್ಲೂ ಕೆಲವರು ಇಂಥ ಛತ್ರಗಳಿಗೆ ಗಾಡಿ ತಂದು, ಮಿಕ್ಕದ್ದನ್ನು ಬಿಸಿಯಿರುವಾಗಲೇ ತುಂಬಿಕೊಂಡು ಹೋಗಿ ಹಂಚುತ್ತಿದ್ದರು ಎಂದು ಕೇಳಿದ್ದೇನೆ. ಆ ಪುಣ್ಯಾತ್ಮರಿಗೆ ನನ್ನ ಬೈಗುಳ ತಗಲದಿರಲಿ. ಉಳಿದವರು ಹಂಚಿಕೊಳ್ಳಿ, ಬೇಕಾದಷ್ಟಿದೆ.

ಬೈದು ಮುಗಿದ ಮೇಲೂ ಆ ಯಜಮಾನರ ಮುಖ ನನ್ನನ್ನು ಬಿಡಲಿಲ್ಲ. ರಾಚಪ್ಪನ ಕೈಗೂ ಆ ಕೈಗೂ ಏನು ವ್ಯತ್ಯಾಸ ಎಂದು ಕೆದಕಿ ಕೆದಕಿ ಯೋಚಿಸಿದೆ. ಒಂದು ದಿನ ಊಟಕ್ಕೆ ಮೊದಲು ಎಲ್ಲರೊಡನೆ ನೇಮ ಹೇಳುತ್ತಿದ್ದಾಗ ನನ್ನ ಬಾಯಿ ನಡುವೆಯೇ ನಿಂತಿತು. ಹದಿಮೂರು ತಿಂಗಳೂ, ತಿಂಗಳಿನ ಎಲ್ಲ ದಿನವೂ. ಸರಿ. ಆದರೆ ಮಿಕ್ಕ ದಿನ ಯಾವ ತಿಂಗಳಿನದು? ಮೌಲಾಸಾಬರಿಗೆ ಹೇಳಿದೆ. ಸಣ್ಣ ಮಕ್ಕಳ ತಕರಾರು ಇದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. “ನಾ ಹೂಂ ಅನ್ನೂದಿಲ್ಲ, ಊಹೂಂ ಅನ್ನೂದಿಲ್ಲ” ಎಂದು ಹೇಳಿ ಎದ್ದು ಹೋದರು.

ಇವತ್ತು ಮಿಕ್ಕ ದಿನ. ಊರಿನಲ್ಲಿ ಮದುವೆಗಳಿದ್ದವು, ಉಳಿಕೆಗಂಟೆ ಒಂದರ ಹಿಂದೆ ಒಂದು ಬಾರಿಸಿತು. ಗೋಧಿ ಹುಗ್ಗಿಯೇ ಬಂತು, ನಾನು ಬೇಡಿಕೊಂಡ ಹಾಗೆ. ಊಟಕ್ಕೆ ಮೊದಲು ನೇಮ ಹೇಳುವ ಹೊತ್ತು ಬಂದಾಗ ಮೌಲಾಸಾಬರು ಕೆಮ್ಮು ಬಂದವರ ಹಾಗೆ ಹೊರಗೆ ನಡೆದರು. ನೇಮ ಹೇಳದೆಯೇ ಪಂಕ್ತಿ ಕೂತಿತು. ರಾಚಪ್ಪ ತನ್ನ ಜಾಗದಲ್ಲಿದ್ದ. ರೊಟ್ಟಿ ಹಾಕಿದೆ. ಹುಗ್ಗಿಯ ಬಕೆಟ್ಟು ಹಿಡಿದು ಅವನ ಮುಂದೆ ಬಂದೆ. ಅವನು ಆ ದೊಡ್ಡ ಕೈ ಅಡ್ಡ ಹಿಡಿದ.

ನಾನು ನಿಂತೆ. ಅವನು ತಲೆಯೆತ್ತಿ, “ಹೊನ್ನವ್ವಾರ, ಕೈ ಹಿಡದೀನ್ರಿ” ಎಂದ.

“ಕಾಣ್ತೈತಿ. ನನಗೂ ಎರಡು ಕಣ್ಣ ಅದಾವ.”

“ಮತ್ತ ಮುಂದಕ್ಕ ಹೋಗ್ರಿ.”

“ಹೋಗೂದಿಲ್ಲ. ಕೈ ತಗೀತಿಯೋ, ಕೈ ಮ್ಯಾಲ ಹಾಕ್ಲ್ಯೋ?”

ಆಚೆ ಬಾಗಿಲಲ್ಲಿ ಮೌಲಾಸಾಬರು ನಿಂತಿದ್ದರು, ಮುಖ ಸುಣ್ಣದ ಹಾಗೆ ಬಿಳುಚಿತ್ತು. ರಾಚಪ್ಪ ಕೈ ತೆಗೆಯಲಿಲ್ಲ. ಗಾಳಿಗಿರಣಿಯ ತುದಿಯಲ್ಲಿ ಕೂತು ಬಿರುಗಾಳಿಗೆ ಬಗ್ಗದವನು ಈ ಮುದುಕಿಗೆ ಬಗ್ಗುತ್ತಾನೆಯೇ? ಹುಗ್ಗಿ ಕೈ ಸುಡದಷ್ಟು ಆರಿದೆಯೆಂದು ಮೊದಲೇ ಬೆರಳು ಅದ್ದಿ ನೋಡಿಕೊಂಡಿದ್ದೆ. ಸೌಟು ತುಂಬಿ ಅವನ ಕೈಯ ಮೇಲೆಯೇ ಸುರಿದೆ. ಹುಗ್ಗಿ ಅವನ ಗೆಣ್ಣುಗಳ ಮೇಲಿಂದ ಇಳಿದು ಬೆರಳ ಸಂದಿಗಳಲ್ಲಿ ಎಲೆಗೆ ಜಾರಿತು. ಅವನು ಆ ಕೈಯನ್ನೇ ನೋಡುತ್ತ ಕೂತ. ಎದ್ದು ಹೋಗುತ್ತಾನೆ, ಇನ್ನು ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ, ಒಬ್ಬನನ್ನು ನಾನೇ ಕೈಯಾರೆ ಕೊಂದೆ ಎನ್ನಿಸಿತು.

ರಾಚಪ್ಪ ಕತ್ತು ಎತ್ತಿದ. ಗಡಸು ದನಿಯಲ್ಲಿ, “ಬರೇ ಹುಗ್ಗಿ ಸುರದ ನಿಂತ್ರ ಹೆಂಗ್ರೀ? ಇದಕ್ಕ ಹಾಲು ಯಾರ ಹಾಕ್ತಾರ?” ಎಂದ.

ಕಾಶವ್ವ ಮೊದಲು ನಕ್ಕಳು. ಆಮೇಲೆ ಯಾರು ನಕ್ಕರು, ಯಾರು ಅತ್ತರು ಎಂದು ಹೇಳಲಾರೆ. ನಾನಂತೂ ಎರಡನ್ನೂ ಮಾಡಿದೆ. ಹಾಲು ತಂದು ಹಾಕಿದೆ, ತುಪ್ಪ ಹಾಕಿದೆ. ಅವನು ಕೈ ನೆಕ್ಕಿಕೊಂಡು ಉಂಡ. ಎರಡನೆಯ ಸಲ ಹೋದಾಗ ಮತ್ತೆ ಕೈ ಹಿಡಿದ, ಆದರೆ ಬೆರಳುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದ. ಮೂರನೆಯ ಸಲ ಎರಡೂ ಕೈ ಹಿಡಿದು ನನ್ನ ಮುಖ ನೋಡಿ ತಲೆಯಾಡಿಸಿದ. ಅದು ನಿಜವಾದ ಸಾಕು ಎಂದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ ಹೇಳಲು ಬರುವುದಿಲ್ಲ. ಸೌಟು ಮುಂದಕ್ಕೆ ಒಯ್ದೆ. ಆಗ ಮೌಲಾಸಾಬರು ಬಂದು, ಎಂದೂ ಒಂದು ಸೌಟಿಗಿಂತ ಹೆಚ್ಚು ಉಣ್ಣದ ಆ ಮನುಷ್ಯ, ಪಂಕ್ತಿಯ ತುದಿಯಲ್ಲಿ ಕೂತು ಎಲೆ ಹಾಕಿಕೊಂಡರು. ಕೈ ಅಡ್ಡ ಹಿಡಿದರು. ಹಿಡಿದು, ನಾನು ಏನು ಮಾಡುತ್ತೇನೆಂದು ಓರೆಗಣ್ಣಿನಿಂದ ನೋಡತೊಡಗಿದರು.

ಊಟವಾದ ಮೇಲೆ ಅವರು ಒಂದು ಮಾತು ಹೇಳಿದ್ದಾರೆ. ನಾಳೆಯಿಂದ ನೇಮ ಮೊದಲಿನ ಹಾಗೆಯೇ, ಕೈ ಅಂದರೆ ಕೈ. ಒಂದೇ ಒಂದು ಬದಲಾವಣೆ. ಕೈ ಅಡ್ಡ ಬಂದ ಮೇಲೂ ಬಡಿಸುವವರು ಒಂದು ಉಸಿರಿನಷ್ಟು ಹೊತ್ತು ಅಲ್ಲೇ ನಿಂತು, ಉಣ್ಣುವವರ ಮುಖ ನೋಡಿ ಹೋಗಬೇಕು. ಅಷ್ಟೇ. ಆ ಒಂದು ಉಸಿರಿನಲ್ಲಿ ಏನು ಮಾಡಬೇಕು, ಯಾವ ಕೈ ಸಂಕೋಚದ್ದು, ಯಾವ ಕೈ ಹೊಟ್ಟೆ ತುಂಬಿದ್ದು ಎಂದು ನಮ್ಮ ಬಡಿಸುವವರಿಗೆ ಇನ್ನೂ ಗೊತ್ತಿಲ್ಲ. ನಮಗೆ ಕಲಿಸುವವರು ಯಾರೂ ಉಳಿದಿಲ್ಲ. ನಿಮಗೆ ಗೊತ್ತಿತ್ತು. ನಿಮ್ಮ ಊರಿನ ಪ್ರತಿಯೊಂದು ಪಂಕ್ತಿಯಲ್ಲೂ ಒಬ್ಬ ಪೊದೆ ಮೀಸೆಯವನಿದ್ದ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ವಿದ್ಯೆಯನ್ನು ಮರೆಯಬೇಡಿ, ಮಕ್ಕಳಿಗೂ ಕಲಿಸಿ. ಆದರೆ ದಢೂತಿ ಯಜಮಾನರ ಮೇಲೆ ಅದನ್ನು ಖರ್ಚು ಮಾಡಬೇಡಿ. ಪಾತ್ರೆಯಲ್ಲಿದ್ದದ್ದು ಎಲೆಗೆ ಬಿದ್ದು ಎಂಜಲಾಗುವ ಮೊದಲು ಸೌಟು ಹಿಡಿದುಕೊಂಡು ಗೇಟಿನ ತನಕ ಹೋಗಿ. ಅಲ್ಲಿ ಕೂತವರು ಬೇಡ ಎಂದಾರು. ಕೆಲಸ ಹೋದವರು ಖಂಡಿತ ಬೇಡ ಎನ್ನುತ್ತಾರೆ, ಈಗ ತಾನೇ ಉಂಡು ಬಂದೆ ಎಂದು ಸುಳ್ಳೂ ಹೇಳುತ್ತಾರೆ. ಕೇಳಿ ತಿರುಗಿ ಬರಬೇಡಿ, ಒಂದು ಉಸಿರಿನಷ್ಟು ನಿಲ್ಲಿ. ಹಳಸಿದ್ದನ್ನು ಒಯ್ಯಬೇಡಿ, ಚಿತ್ರ ತೆಗೆಯಬೇಡಿ, ಹಾಲು ಮರೆಯಬೇಡಿ.

ಇನ್ನು ಏಳುತ್ತೇನೆ ಎನ್ನಬೇಕು, ಆದರೆ ಏಳುವ ಹಾಗಿಲ್ಲ. ಕೊನೆಯ ಪಂಕ್ತಿಯಲ್ಲಿ ಉಳಿದವಳು ನಾನೊಬ್ಬಳೇ. ಎಲ್ಲರಿಗೂ ಬಡಿಸಿ ಸುಸ್ತಾಗಿದೆ, ಹಸಿವಿಲ್ಲ ಎಂದು ಆಗಲೇ ಎರಡು ಸಲ ಹೇಳಿದ್ದೇನೆ. ಕೊಪ್ಪರಿಗೆಯ ತಳದಲ್ಲಿ ಇನ್ನೂ ಸ್ವಲ್ಪ ಹುಗ್ಗಿ ಇದೆಯಂತೆ. ರಾಚಪ್ಪ ಸೌಟು ಹಿಡಿದುಕೊಂಡು ನನ್ನ ಎಲೆಯ ಮುಂದೆ ಬಂದು ನಿಂತಿದ್ದಾನೆ, ನಾನು ಈ ಕಾಗದ ಮುಗಿಸಲಿ ಎಂದು ಕಾಯುತ್ತಿದ್ದಾನೆ. ಕೈ ಅಡ್ಡ ಹಿಡಿದು ನೋಡುತ್ತೇನೆ.

ನಿಮ್ಮ ಮುಂದಿನವಳು,
ಹೊನ್ನವ್ವ